ನೋಂದಾಯಿತ ನಂಬರ್

ಗಂಡ ಸುಟ್ಟಿದ್ದ ಕೈ ಇನ್ನೂ ವಾಸಿಯಾಗಿರಲಿಲ್ಲ. ನಾಗವೇಣಿ ಯಾರಿಗೂ ಹೇಳದೆ ಮಗಳೊಂದಿಗೆ ಈ ಊರಿಗೆ ಬಂದು ಮಹಿಳೆಯರ ಆಶ್ರಯ ಕೇಂದ್ರ ಸೇರಿದ್ದಳು. ಮಗಳನ್ನು ಶಾಲೆಗೆ ಸೇರಿಸಲು ಜಾತಿ ಪ್ರಮಾಣಪತ್ರ ಬೇಕಾಯಿತು. ಬಸ್‌ ನಿಲ್ದಾಣದ ಹತ್ತಿರವಿದ್ದ ಸೇವಾ ಕೇಂದ್ರಕ್ಕೆ ಹೋದಳು.

ಕಂಪ್ಯೂಟರ್ ಮುಂದಿದ್ದವನು ತಲೆಯೆತ್ತಿದ.

"ನಿಮ್ಮ ಹಳೇ ಅರ್ಜೀಲಿ ಬೇರೆ ನಂಬರ್ ಇದೆಯಲ್ಲಮ್ಮ. ಒಟಿಪಿ ಅದಕ್ಕೇ ಹೋಗೋದು."

"ಅದು ನಮ್ಮ ಯಜಮಾನ್ರದ್ದು. ನನ್ನ ಹೊಸ ನಂಬರಿಗೆ ಕಳಿಸೋಕಾಗಲ್ವಾ ಅಣ್ಣ?"

"ಹಂಗೆಲ್ಲ ಬರಲ್ಲ. ಸರ್ಕಾರದವರು ಈಗ ಸೆಕ್ಯೂರಿಟಿ ಬಿಗಿ ಮಾಡಿದಾರೆ. ನಿಮ್ಮ ಹೆಸರಲ್ಲಿ ಇನ್ಯಾರೋ ಬಂದು ತಗೊಂಡು ಹೋಗಬಾರದಲ್ಲ? ನಿಮ್ಮ ಒಳ್ಳೇದಕ್ಕೇ ಮಾಡಿರೋದು."

ಅಪರಿಚಿತನೆದುರು ಮನೆಯ ಕಥೆ ಹೇಳಲು ಅವಳಿಗೆ ನಾಚಿಕೆಯಾಯಿತು. ಸುಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಹಂಗಿದ್ರೆ ಬೇಡ ಬಿಡಿ. ಅವರಿಗೆ ಸುಮ್ನೆ ತೊಂದ್ರೆ ಯಾಕೆ."

ಮಗಳು ನೀರು ಕೇಳಿದಳು. ನಾಗವೇಣಿ ಅವಳನ್ನು ಹೊರಗಿನ ನಲ್ಲಿಯ ಹತ್ತಿರ ಕರೆದೊಯ್ದು, ನೀರು ಕುಡಿಸಿ, ಮುಖ ತೊಳೆಸಿ ಚೀಲ ತೆಗೆದುಕೊಳ್ಳಲು ಒಳಗೆ ಬಂದಳು. ಪ್ರಿಂಟರಿನಿಂದ ಪ್ರಮಾಣಪತ್ರ ಹೊರಬರುತ್ತಿತ್ತು.

"ಹೆಂಗಾಯ್ತಣ್ಣ?" ಅವಳ ಮುಖ ಅರಳಿತು.

ಅವನೂ ನಕ್ಕ. "ನಾನೇ ಆ ನಂಬರಿಗೆ ಫೋನ್ ಮಾಡಿದೆ. ನಿಮ್ಮ ಯಜಮಾನ್ರು ಒಳ್ಳೆಯವರಮ್ಮ, ಕೇಳಿದ ತಕ್ಷಣ ಒಟಿಪಿ ಹೇಳಿದ್ರು. ನಿಮ್ಮನ್ನ ಹುಡುಕ್ಕೊಂಡು ಇದೇ ಊರಿಗೆ ಬಂದಿದಾರಂತೆ. ಕೂರಿಸಿಕೊಂಡಿರಿ, ಈಗಲೇ ಬಂದೆ ಅಂದ್ರು."