ಮಕ್ಕಳ ಎಡೆಯ ನೀರು

ಹಂದಿಸಾಕಣೆಯ ಮ್ಯಾನೇಜರ್ ಅರ್ಸೇನಿಯೊ ಬಾವಿಕಟ್ಟೆಗೆ ಬರುವ ಹೊತ್ತಿಗೆ, ವಿಜ್ಞಾನಿ ನೆಲ್ಬಾಳ ನೀರು ಶುದ್ಧಿ ಮಾಡುವ ಯಂತ್ರದಿಂದ ನೀರು ಸಣ್ಣ ಎಳೆಯಾಗಿ ಕ್ರಿಸಾಂತಾ ಅಜ್ಜಿಯ ಸೋರೆಬುರುಡೆಗೆ ಇಳಿಯುತ್ತಿತ್ತು. ತೀರಿಹೋದ ಮಕ್ಕಳ ಆತ್ಮಗಳು ಸಂಜೆ ಮನೆಗೆ ಬರುವ ದಿನ ಅದು. ಖಾರ ಹಾಕದ ಜೋಳದ ಕಡುಬು ಆಗಲೇ ಕೆಂಡದ ಗುಂಡಿಯಲ್ಲಿ ಬೇಯುತ್ತಿತ್ತು. ಎಡೆಗೆ ನೀರೊಂದು ಬಾಕಿ.

“ಬಾವಿಯ ಹಳೇ ನೀರು ಇಡಲಾರೆ ಮಗಳೇ,” ಎಂದಳು ಅಜ್ಜಿ. “ಅದನ್ನೇ ಹಾಲಿನ ಪುಡಿಗೆ ಕಲಸಿ ಕೊಟ್ಟೆ, ಮೊಮ್ಮಗ ನೀಲಿಗಟ್ಟಿ ಹೋದ. ಕುದಿಸಿದ್ದೆ ಕಣೇ. ಸಾಲದೇನೋ ಅಂತ ಇನ್ನೂ ಕುದಿಸಿದ್ದೆ.”

ನೆಲ್ಬಾಗೆ ನಿಜ ಗೊತ್ತಿತ್ತು. ಹಂದಿಗಳ ಗಂಜಲದಿಂದ ಬಾವಿಗಿಳಿದ ನೈಟ್ರೇಟ್ ಎಂಬ ವಿಷ ಕುದಿಸಿದರೆ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಹೇಳಬೇಕಾದವರು ಆಗ ಹೇಳಲಿಲ್ಲ. ಈಗ ಹೇಳಿದರೆ ಅಜ್ಜಿಯ ಸಂಕಟ ಹೆಚ್ಚುತ್ತದಷ್ಟೆ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಗೆದ್ದಿದ್ದ ಅವಳ ಯಂತ್ರದ ತಾಮ್ರದ ತಗಡು, ಯುಕತಾನ್ ಸೀಮೆಯ ಈ ಸುಣ್ಣದ ನೀರಿಗೆ ಬಂದೊಡನೆ ಬಿಳಿ ಹಕ್ಕಳೆ ಕಟ್ಟಿ ಸೋತಿತ್ತು. ಬೇರೆ ಲೋಹ ಬೆರೆಸಿ, ಬೇರೆ ಲೇಪ ಕೊಟ್ಟು, ತಿದ್ದಿ ತಿದ್ದಿ ತಂದ ಮೇಲೆ, ಇಂದು ಬೆಳಿಗ್ಗೆ ಕರೆಂಟು ಹರಿದಾಗ ಅದು ನೈಟ್ರೇಟನ್ನು ನಿರಪಾಯದ ಗಾಳಿಯಾಗಿ ಒಡೆದಿತ್ತು.

“ಭೇಷ್ ಡಾಕ್ಟ್ರಮ್ಮ!” ಎಂದ ಅರ್ಸೇನಿಯೊ. “ಇನ್ನೇನು ಭಯ? ಹೊಸ ಕೊಟ್ಟಿಗೆ ಎಬ್ಬಿಸೇ ಬಿಡ್ತೀವಿ. ನಾವು ಸಾಕ್ತೀವಿ, ನೀವು ತೊಳೀರಿ.”

“ನಿಮ್ಮ ಹೊಲಸು ತೊಳೆಯೋ ಚಾಕರಿಗೆ ಮಾಡಿದ್ದಲ್ಲ ಇದು!” ಎಂದಳು ನೆಲ್ಬಾ. “ಗಂಜಲದ ಹೊಂಡಕ್ಕೆ ತಳ ಕಟ್ಟಿಸಿ ಅಂತ ಊರಿಗೆ ಊರೇ ಬೇಡ್ಕೊಂಡಿತು. ಆಗ ಕಿವಿ ಎಲ್ಲಿಟ್ಟಿದ್ರಿ?”

“ಸಿಟ್ಟು ಯಾಕೆ? ನಿಮ್ಮ ತಗಡು ಕೆಲಸ ಮಾಡ್ತಿರೋದು ಯಾರ ಕರೆಂಟಲ್ಲಿ? ಆ ತಂತಿ ಬಂದಿರೋದು ನಮ್ಮ ಕೊಟ್ಟಿಗೆಯಿಂದ.”

ನೆಲ್ಬಾಳ ಕೈ ಸ್ವಿಚ್ಚಿನವರೆಗೂ ಹೋಗಿ ನಿಂತಿತು. ಬುರುಡೆ ಇನ್ನೂ ಅರ್ಧವಷ್ಟೇ ತುಂಬಿತ್ತು.

ಅಜ್ಜಿ ಯಾರತ್ತಲೂ ನೋಡಲಿಲ್ಲ. ಬುರುಡೆ ತುಂಬಿದ ಮೇಲೆ ಅದರ ಮೇಲೆ ಶಿಲುಬೆಯ ಗುರುತು ಮಾಡಿ ಎದೆಗವಚಿಕೊಂಡಳು. ಚೀಲದಿಂದ ಇನ್ನೊಂದು ಖಾಲಿ ಬುರುಡೆ ತೆಗೆದು ಕೊಳವೆಯ ಕೆಳಗಿಟ್ಟಳು.

“ಇದ್ಯಾರಿಗಜ್ಜಿ?” ಎಂದ ಅರ್ಸೇನಿಯೊ. “ನಿನ್ನ ಮನೇಲಿ ಹೋಗಿದ್ದು ಒಂದೇ ಮಗು ತಾನೆ?”

“ದಿಕ್ಕಿಲ್ಲದ ಆತ್ಮಕ್ಕೆ ಅಂತ ಹೊಸ್ತಿಲಾಚೆ ಒಂದು ಇಡ್ತೀವಿ, ಸ್ವಾಮಿ. ಈ ಸಲ ನಿಮ್ಮ ಹೊಸ ಕೊಟ್ಟಿಗೆ ಬಲಿ ತಗೊಳ್ಳೋ ಮಗೂಗೆ ಇಡ್ತೀನಿ. ಪಾಪ, ಅದಿನ್ನೂ ಹುಟ್ಟಿಲ್ಲ.”