ಚಿತ್ತಾರದಲ್ಲಿ ಬಂದ ಬಸ್ಸು

ನೆನೆಸಿದ ಅಕ್ಕಿ ರುಬ್ಬುವಾಗ ಏಳುವ ಹಸಿ ವಾಸನೆ ಈಗಲೂ ನನ್ನನ್ನು ಸಾಗರದ ಪೇಟೆಗೆ ಎಳೆದೊಯ್ಯುತ್ತದೆ.

ಅಣೆಕಟ್ಟಿನ ನೀರಲ್ಲಿ ನಮ್ಮೂರು ಮುಳುಗಿ, ನಾವು ಸಾಗರದ ಹತ್ತಿರ ಬಂದು ನೆಲೆಸಿದ ಹೊಸತು. ಚಿಕ್ಕಪ್ಪನ ಮದುವೆಗೆ ಅವ್ವ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆಯಬೇಕಿತ್ತು. ಕೆಮ್ಮಣ್ಣು ಬಳಿದ ಗೋಡೆಯ ಮುಂದೆ ಬೆಳಗಿನಿಂದ ಕೂತರೂ ಅವಳ ಕೈ ಏಳಲಿಲ್ಲ. ಕೊನೆಗೆ ಪುಂಡಿನಾರಿನ ಕುಂಚ ಕೆಳಗಿಟ್ಟು, "ಬಾ, ಪೇಟೆ ನೋಡ್ಕಂಡು ಬರಣ" ಎಂದು ನನ್ನ ಕೈ ಹಿಡಿದು ಹೊರಟಳು.

ಬಿಸಿಲಲ್ಲಿ ಬೀದಿ ಬೀದಿ ಸುತ್ತಿದೆವು. ಹೋಟೆಲಿನ ಬಾಗಿಲಲ್ಲಿದ್ದ ಬೆತ್ತದ ಕುರ್ಚಿಯ ಹೆಣಿಗೆಯ ಮೇಲೆ ಅವ್ವ ಬೆರಳಾಡಿಸಿದಳು.

"ಎಂತ ಬೇಕಮ್ಮಾ?" ಎಂದ ಹೋಟೆಲಿನವ.

"ಎಂತೂ ಬ್ಯಾಡ, ನೋಡಕೆ ಬಂದಿದ್ದು."

ಬಸ್‌ಸ್ಟ್ಯಾಂಡಿನಲ್ಲಂತೂ ನಾನು ಕರೆದರೂ ಅವ್ವ ಬಸ್ಸುಗಳ ಮುಂದಿನಿಂದ ಕದಲಲಿಲ್ಲ.

ಸಂಜೆ ಕುಂಚ ಓಡಿತು. ಬೆತ್ತದ ಹೆಣಿಗೆ ಚಿತ್ತಾರದ ಅಂಚಾಯಿತು. ನಡುವೆ ಮದುಮಕ್ಕಳನ್ನು ಹೊರುವ ದಂಡಿಗೆ ಇರಬೇಕಾದಲ್ಲಿ ಕಿಟಕಿ, ಚಕ್ರ ಮೂಡಿದವು.

ಅಜ್ಜಿ ಸಿಡುಕಿದಳು: "ಎಂತದೇ ಇದು? ದಂಡಿಗೆ ಎಲ್ಲಿ?"

"ಈ ಊರಲ್ಲಿ ದಂಡಿಗೆ ಕಾಣ್ಲಿಲ್ಲ ಅತ್ತೆ. ಬಸ್ಸು ಕಂಡಿದ್ದು," ಎಂದಳು ಅವ್ವ.

ಅಜ್ಜಿ ಗೋಡೆಯ ಹತ್ತಿರ ಬಂದು, ಬಸ್ಸಿನ ನೆತ್ತಿಯ ಮೇಲಿದ್ದ ಖಾಲಿ ಬೋರ್ಡನ್ನು ತೋರಿಸಿ, "ಇಲ್ಲಿ ಊರ ಹೆಸರು ಬ್ಯಾಡ್ವಾ?" ಎಂದಳು. ಇಬ್ಬರಿಗೂ ಅಕ್ಷರ ಬಾರದು. ಅವ್ವ ಕುಂಚವನ್ನು ನನ್ನ ಕೈಗಿಟ್ಟಳು.

"ಯಾವ ಊರು ಬರೀಲಿ?"

ಅಜ್ಜಿ ಮುಳುಗಿದ ನಮ್ಮೂರಿನ ಹೆಸರು ಹೇಳಿದಳು.

"ಅಲ್ಲಿ ಬರೀ ನೀರು ಅಜ್ಜಿ, ಬಸ್ಸು ಹೋಗಲ್ಲ."

"ಗೋಡೆ ಮೇಲಿನ ಬಸ್ಸು ಹೋಗ್ತದೆ," ಎಂದಳು ಅಜ್ಜಿ. "ನೀನು ಬರಿ."