ಹೆಸರಿಡದ ಕಲ್ಲುನೊಣ

"ಸಾರ್, ಇದೊಂದು ನಾನು ಮಾಡ್ಲಾ?" ಪ್ರಮೋದಾ ಮೆಲ್ಲಗೆ ಕೇಳಿದಳು.

ಕೆಂಪರಾಜ್ ಮೇಷ್ಟ್ರು ಮೈಕ್ರೋಸ್ಕೋಪಿನಿಂದ ಕಣ್ಣೆತ್ತಲಿಲ್ಲ. "ಯಾಕಮ್ಮ, ನನ್ನ ಕೈ ಮೇಲೆ ನಂಬಿಕೆ ಹೋಯ್ತಾ?" ಎಂದರು ನಗುತ್ತಲೇ. ಅವಳು ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ದೊಡ್ಡಬಳ್ಳಾಪುರದ ಈ ಕಾಲೇಜಿನಲ್ಲಿ ಅವಳಿಗೆ ತೊರೆಯ ಹುಳಗಳ ಹುಚ್ಚು ಹಿಡಿಸಿದವರು ಅವರೇ. ಸೂಜಿ ಹಿಡಿಯುವುದು ಹೇಗೆಂದು ಬೆರಳು ಹಿಡಿದು ತೋರಿಸಿಕೊಟ್ಟವರೂ ಅವರೇ. ಅಂಥವರಿಗೆ, ಎರಡು ವಾರದಿಂದ ನೋಡ್ತಿದ್ದೀನಿ, ನಿಮ್ಮ ಕೈ ನಡುಗ್ತಾ ಇದೆ ಎಂದು ಹೇಳುವುದು ಹೇಗೆ?

ಗಾಜಿನ ಬಟ್ಟಲಲ್ಲಿದ್ದದ್ದು ಒಂದು ಗಂಡು ಕಲ್ಲುನೊಣ. ಬೆಟ್ಟದ ತೊರೆಯಲ್ಲಿ, ಕಲ್ಲಿನಡಿ ಮರಿಯಾಗಿ ಬೆಳೆದು, ರೆಕ್ಕೆ ಮೂಡುವ ಹೊತ್ತಿಗೆ ನೀರಿನಿಂದ ಎದ್ದು ಬರುವ ಪುಟ್ಟ ಹುಳ. ಮಾಕಳಿ ಬೆಟ್ಟದ ಬುಡದಲ್ಲಿ ಹೆಣ್ಣು, ಮರಿ ಎಲ್ಲ ಬೇಕಾದಷ್ಟು ಸಿಕ್ಕಿದ್ದವು. ಆದರೆ ಅವನ್ನು ನೋಡಿ ಇದು ಯಾವ ಜಾತಿಯದೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ಗಂಡಿನ ಹಿಂಬದಿಯೊಳಗೆ ಮಡಿಚಿಕೊಂಡಿರುವ, ಕೂದಲೆಳೆಯಂಥ ಕೊಳವೆಯನ್ನು ಸೂಜಿಯಿಂದ ಹೊರಗೆಳೆದು, ಅದರ ಮೇಲಿನ ಮುಳ್ಳುಗಳ ಸಾಲು ನೋಡಬೇಕು. ಎರಡು ಮಳೆಗಾಲ ತೊರೆಯ ಬದಿಗೆ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ, ಸೊಳ್ಳೆ ಕಚ್ಚಿಸಿಕೊಂಡು ಕಾದ ಪ್ರಮೋದಾಗೆ ಸಿಕ್ಕಿದ್ದು ಇದೊಂದೇ ಗಂಡು. ತಲೆಯ ಮೇಲಿನ ಕಪ್ಪು ಗುರುತು, ಈವರೆಗೆ ಬಣ್ಣಿಸಿದ ಯಾವ ಜಾತಿಗೂ ಹೊಂದುತ್ತಿರಲಿಲ್ಲ. "ಹೊಸದೇ ಕಣಮ್ಮ. ಹೆಸರು ನೀನೇ ಇಡು" ಎಂದು ಮೇಷ್ಟ್ರು ಹೇಳಿದ ರಾತ್ರಿ ಅವಳಿಗೆ ನಿದ್ದೆ ಹತ್ತಿರಲಿಲ್ಲ.

ಮೇಷ್ಟ್ರು ಎರಡೂ ಮೊಣಕೈಗಳನ್ನು ಮೇಜಿಗೆ ಒತ್ತಿಟ್ಟುಕೊಂಡು ಉಸಿರು ಬಿಗಿಹಿಡಿದರು. ಪ್ರಮೋದಾ ಮೈಕ್ರೋಸ್ಕೋಪಿಗೆ ಜೋಡಿಸಿದ್ದ ಪಕ್ಕದ ಪರದೆಯಲ್ಲಿ ನೋಡುತ್ತಿದ್ದಳು. ಸೂಜಿ ಇಳಿಯಿತು. ಕೊಳವೆಯ ತುದಿ ಇಣುಕಿತು. ಇನ್ನೇನು ಬಂತು ಅನ್ನುವಾಗ ಸೂಜಿ ಅದುರಿತು. ಮೇಷ್ಟ್ರು ತಡೆಯಲು ಹೋದರು. ಇನ್ನೂ ಜೋರಾಗಿ ಅದುರಿತು. ಪರದೆಯ ಮೇಲಿದ್ದ ಆಕಾರ ಹರಿದು ಕಲಸಿಹೋಯಿತು.

ಪ್ರಮೋದಾ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ತುದಿ ಮಾತ್ರ ಹರಿದಿರೋದು ಸಾರ್. ಉಳಿದಿದ್ರಲ್ಲಿ ಏನಾದ್ರೂ ಕಾಣಬಹುದು."

"ಸುಳ್ಳು ಹೇಳೋದನ್ನ ನಾನು ನಿನಗೆ ಕಲಿಸಿರಲಿಲ್ಲ ಪ್ರಮೋದಾ." ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಇಡಲು ಹೋದರು. ಕೈ ಜೇಬು ಸಿಗದೆ ಅಂಗಿಯ ಮೇಲೆಲ್ಲ ತಡಕಾಡಿತು. ಕೊನೆಗೆ ಕೈಯಲ್ಲೇ ಹಿಡಿದುಕೊಂಡು ಎದ್ದು ಹೋದರು.

ಸಂಜೆ ಅವರ ಹೆಂಡತಿ ಆದಿಲಕ್ಷ್ಮಮ್ಮನ ಫೋನ್ ಬಂತು. "ಬಂದವರು ಕೈಕಾಲೂ ತೊಳೀಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟವ್ರೆ. ಏನಾಯ್ತಮ್ಮ?"

ಪ್ರಮೋದಾ ನಡೆದದ್ದನ್ನು ಹೇಳಿದಳು. ಆದಿಲಕ್ಷ್ಮಮ್ಮ ದನಿ ತಗ್ಗಿಸಿದರು. "ಯುಗಾದಿಯಿಂದ ಹಿಂಗೇ ಕಣಮ್ಮ. ಕಾಫಿ ಚೆಲ್ಲಿಕೊಳ್ತಾರೆ ಅಂತ ಅರ್ಧ ಲೋಟವೇ ಕೊಡ್ತೀನಿ. ಇದು ಹೋಗೋ ಕಾಯಿಲೆ ಅಲ್ಲ ಅಂದವ್ರೆ ಡಾಕ್ಟ್ರು. ಯಾರಿಗೂ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು. ನಿಂಗಾದ್ರೂ ಹೇಳಬೇಕಿತ್ತು ನಾನು."

ಮಧ್ಯಾಹ್ನದಿಂದ ಹಿಡಿದಿಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಡಬೇಕೆಂದು ಪ್ರಮೋದಾಗೆ ತಿಳಿಯಲಿಲ್ಲ. ಹುಳ ಹೋದದ್ದಕ್ಕೆ ಬಾರದ ಅಳು ಆಗ ಬಂತು.

ಭಾನುವಾರ ಮೇಷ್ಟ್ರೇ ಕರೆದರು. "ಬೆಟ್ಟಕ್ಕೆ ಹೋಗ್ಬರೋಣ ನಡಿ. ಒಂದಾದರೂ ಉಳಿದಿದ್ರೆ?" ಅವಳ ಸ್ಕೂಟರಿನ ಹಿಂದೆ ಕೂತು ಬಂದರು. ತೊರೆಯ ಹತ್ತಿರ ಇಳಿದವರಿಗೆ ಮೇಲೆ ಹತ್ತಲು ಧೈರ್ಯ ಸಾಲದೆ, ಕೆಳಗೇ ಒಂದು ಬಂಡೆಯ ಮೇಲೆ ಕೂತರು. ಪ್ರಮೋದಾ ಒಬ್ಬಳೇ ನೀರಿನ ಗುಂಟ ಹತ್ತಿ ಹೋದಳು. ಮಳೆ ನಿಂತು ದಿನಗಳಾಗಿದ್ದವು. ರೆಕ್ಕೆ ಬಂದವೆಲ್ಲ ಹಾರಿಹೋಗಿದ್ದವು. ಕಲ್ಲುಗಳ ಮೈಗೆ ಅಂಟಿಕೊಂಡಿದ್ದದ್ದು ಅವು ಕಳಚಿ ಬಿಟ್ಟುಹೋದ ಪೊರೆಗಳು ಮಾತ್ರ. ಬರಿಗೈಲಿ ಇಳಿಯಲು ಮನಸ್ಸಾಗದೆ ಒಂದನ್ನು ಬಿಡಿಸಿಕೊಂಡು ಬಂದಳು.

"ಗಂಡು ಸಿಕ್ತಾ?" ಮೇಷ್ಟ್ರು ದೂರದಿಂದಲೇ ಕೇಳಿದರು.

"ಇಲ್ಲ ಸಾರ್. ಬರೀ ಪೊರೆ."

"ಕೊಡಿಲ್ಲಿ." ಅಂಗೈ ಚಾಚಿದರು. ಅವಳು ಅದನ್ನು ಮೆಲ್ಲಗೆ ಇಟ್ಟಳು. ಬೆನ್ನು ಸೀಳಿದ, ಕಾಲು ಮೀಸೆಗಳೆಲ್ಲ ಹಾಗೇ ಉಳಿದ ತೆಳ್ಳನೆಯ ಪೊರೆ.

"ಮುಂದಿನ ಮಳೆಗಾಲ ಸಿಕ್ಕೇ ಸಿಗುತ್ತೆ" ಎಂದರು ಮೇಷ್ಟ್ರು. "ಆಗ ನೀನೇ ತೆಗಿ. ನಾನು ಪಕ್ಕದಲ್ಲಿ ಕೂತಿರ್ತೀನಿ." ಸ್ವಲ್ಪ ತಡೆದು, "ಪಕ್ಕದಲ್ಲಿ ಬೇಡ ಬಿಡು. ನೀನು ಹೆದರ್ತೀಯ. ಹೊರಗೆ ವರಾಂಡದಲ್ಲಿರ್ತೀನಿ, ಮುಗಿದ ಮೇಲೆ ಕರಿ" ಎಂದರು.

ಪ್ರಮೋದಾ ತಲೆ ತಗ್ಗಿಸಿದಳು. ಗಾಳಿ ಒಂದಿಷ್ಟೂ ಇರಲಿಲ್ಲ. ಅವರ ಅಂಗೈ ಮೇಲಿನ ಆ ಖಾಲಿ ಪೊರೆ ಮಾತ್ರ, ಜೀವ ಇರುವಂತೆ ಆರೂ ಕಾಲು ಅಲುಗಿಸುತ್ತಾ, ಬೆರಳ ತುದಿಯತ್ತ ಸರಿಯುತ್ತಿತ್ತು.